ಇಲಿ ಹೊಟ್ಟೆಯ ಹೊಳಪು: ನನ್ನ ಅನುಭವ

ಬಳ್ಳಾರಿಯ ನಮ್ಮ ಲ್ಯಾಬಿನಲ್ಲಿ ಇಲಿಗಳಿಗೆ 655 ನ್ಯಾನೊಮೀಟರ್ ತರಂಗಾಂತರದಲ್ಲಿ ಕೆಂಪಗೆ ಹೊಳೆಯುವ ಕ್ವಾಂಟಮ್ ಡಾಟ್ (ಬೆಳಕು ಬಿದ್ದರೆ ಹೊಳೆಯುವ ಅತಿ ಸಣ್ಣ ಕಣಗಳು) ಚುಚ್ಚಿ, ಅವು ಲಿಂಫ್ ಗ್ರಂಥಿ ಸೇರುವುದನ್ನು ನೋಡುತ್ತಿದ್ದೆವು. ಚಿತ್ರದಲ್ಲಿ ಗ್ರಂಥಿಗಿಂತ ಹೊಟ್ಟೆಯೇ ಜಾಸ್ತಿ ಹೊಳೆಯುತ್ತಿತ್ತು. ಡಾಟ್ ಅಲ್ಲಿಗೆ ಹೋಗಿದೆ ಎಂದು ಎಲ್ಲರ ಅನುಮಾನ. ಏನೂ ಚುಚ್ಚದ ಇಲಿಯನ್ನು ಕ್ಯಾಮೆರಾ ಕೆಳಗಿಟ್ಟೆ. ಅದರ ಹೊಟ್ಟೆಯೂ ಹಾಗೇ!

ಕಾರಣ ಇಲಿಗಳಿಗೆ ಹಾಕುವ ಫೀಡ್. ಅದರಲ್ಲಿ ಲೂಸರ್ನ್ ಹುಲ್ಲಿನ ಪುಡಿ ಇತ್ತು. ಹುಲ್ಲಿನ ಕ್ಲೋರೊಫಿಲ್ ಕೂಡ ಬೆಳಕು ಬಿದ್ದರೆ ಕೆಂಪಗೆ ಹೊಳೆಯುತ್ತದೆ, ಸುಮಾರು 670ರಲ್ಲಿ. ನಮ್ಮ ಡಾಟ್‌ನ ಪಕ್ಕದಲ್ಲೇ, ಅಲ್ವಾ? ಲೂಸರ್ನ್ ಇಲ್ಲದ ಫೀಡ್ ಕೊಟ್ಟೆವು. ಹಳೆಯದು ಕರುಳಿನಿಂದ ಖಾಲಿಯಾಗಲು ಕೆಲವು ದಿನ ಬಿಡಬೇಕು. ಜೊತೆಗೆ 800ರ ಡಾಟ್‌ಗೆ ಬದಲಾದೆವು. ಅಲ್ಲಿ ಅಂಗಾಂಶದ ಸ್ವಂತ ಹೊಳಪು ಕಡಿಮೆ, ರಕ್ತ ಹೀರಿಕೊಳ್ಳುವ ಬೆಳಕೂ ಕಡಿಮೆ.

ಈಗ ಗ್ರಂಥಿ ಸ್ಪಷ್ಟವಾಗಿ ಕಾಣುತ್ತದೆ. ಹೊಸ ಫೀಡ್ ದುಬಾರಿ, ಅದೊಂದೇ ಗೋಳು.