ಕಡಲಲ್ಲಿ ಬೋಟು ಕೈಕೊಟ್ಟಾಗ ಕರೆ ಮಾಡುವುದು ಹೇಗೆ

ಬೋಟಿಗೆ ನೀರು ನುಗ್ಗಿದರೆ ಮೊದಲು ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಲಿ, ಆಮೇಲೆ ವೈರ್‌ಲೆಸ್ ಹಿಡಿಯಿರಿ. ದಡದ ಹತ್ತಿರ ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡಿಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093. ಪೊಲೀಸರ ವ್ಯಾಪ್ತಿ 12 ನಾಟಿಕಲ್ ಮೈಲಿನವರೆಗೆ. ಆದರೆ ನಾವು ಯಾರ ವ್ಯಾಪ್ತಿಯಲ್ಲಿದ್ದೇವೆ ಎಂದು ಲೆಕ್ಕ ಹಾಕುತ್ತ ಕೂರಬೇಡಿ, ಮೊದಲು ಸಿಕ್ಕವರಿಗೆ ಹೇಳಿ.

ಆಳ ಕಡಲಿಗೆ ಹೋದ ಮೇಲೆ ವಿಎಚ್‌ಎಫ್ ವೈರ್‌ಲೆಸ್ ಸೆಟ್ಟೇ ಗತಿ. ತುರ್ತು ಕರೆಯ ಚಾನೆಲ್ 16 ಹಾಕಿ, ಪವರ್ ಹೈಗೆ ತಿರುಗಿಸಿ. ಬೋಟಿನ ಸೆಟ್ಟು 25 ವ್ಯಾಟಿನದು, ಕೈಸೆಟ್ಟು ಬರೀ 5 ವ್ಯಾಟಿನದು. ಇದರ ಅಲೆ ನೇರಕ್ಕೆ ಹೋಗುತ್ತದೆ, ಹಾಗಾಗಿ ಕೈಸೆಟ್ಟು ಹಿಡಿದವರು ಕ್ಯಾಬಿನ್ ಒಳಗೆ ಕೂತು ಮಾತಾಡದೆ ಎತ್ತರಕ್ಕೆ ಹತ್ತಬೇಕು. ಬಟನ್ ಒತ್ತಿ ಒಂದು ಸೆಕೆಂಡ್ ತಡೆದು ಮಾತು ಶುರು ಮಾಡಿ, ಇಲ್ಲದಿದ್ದರೆ ಮೊದಲ ಪದವೇ ನುಂಗಿಹೋಗುತ್ತದೆ. ಮುಗಿದ ಕೂಡಲೇ ಬಟನ್ ಬಿಡಿ. ಗಾಬರಿಯಲ್ಲಿ ಒತ್ತಿಹಿಡಿದೇ ಇದ್ದರೆ ಉತ್ತರ ಕೇಳಿಸುವುದಿಲ್ಲ.

ಹೇಳುವ ಕ್ರಮ ಹೀಗೆ: "ಮೇಡೇ" ಮೂರು ಸಲ, ಬೋಟಿನ ಹೆಸರು ಮೂರು ಸಲ, ರಿಜಿಸ್ಟ್ರೇಷನ್ ನಂಬರ್, ಇರುವ ಜಾಗ, ಏನಾಗಿದೆ, ಎಷ್ಟು ಜನ, ಯಾರಿಗಾದರೂ ಪೆಟ್ಟಾಗಿದೆಯೇ. ಕೊನೆಗೆ "ಓವರ್". ಮುಳುಗುವುದು, ಬೆಂಕಿ ಹೀಗೆ ಜೀವಕ್ಕೇ ಅಪಾಯವಿದ್ದಾಗ ಮಾತ್ರ ಮೇಡೇ. ಪ್ರೊಪೆಲ್ಲರಿಗೆ ಬಲೆ ಸುತ್ತಿ ಎಂಜಿನ್ ನಿಂತು, ಬೋಟು ಗಟ್ಟಿಯಾಗಿಯೇ ಇದ್ದರೆ "ಪ್ಯಾನ್ ಪ್ಯಾನ್" ಸಾಕು.

ಹೆಚ್ಚು ಎಡವಟ್ಟಾಗುವುದು ಜಾಗ ಹೇಳುವಲ್ಲಿ. ಮಲ್ಪೆಯ ನೇರಕ್ಕಿರುವ ಬೋಟಿನ ಜಿಪಿಎಸ್ ಅಕ್ಷಾಂಶ 13.35 ಡಿಗ್ರಿ ತೋರಿಸುತ್ತಿದೆ ಎನ್ನಿ. ಒಂದು ಡಿಗ್ರಿಗೆ 60 ಮಿನಿಟ್, ಅಂದರೆ ಇದು 13 ಡಿಗ್ರಿ 21 ಮಿನಿಟ್. ಅದನ್ನೇ ನೀವು "ಹದಿಮೂರು, ಮೂವತ್ತೈದು" ಅಂದರೆ ಕೇಳಿದವರು 13 ಡಿಗ್ರಿ 35 ಮಿನಿಟ್ ಎಂದು ಬರೆದುಕೊಳ್ಳುತ್ತಾರೆ. ಅಕ್ಷಾಂಶದ ಒಂದು ಮಿನಿಟ್ ಒಂದು ನಾಟಿಕಲ್ ಮೈಲು, ಹಾಗಾಗಿ ವ್ಯತ್ಯಾಸ 14 ನಾಟಿಕಲ್ ಮೈಲು, ಸುಮಾರು 26 ಕಿಲೋಮೀಟರ್! ಹಡಗು ಕುಂದಾಪುರದ ನೇರಕ್ಕೆ ಹುಡುಕುತ್ತಿರುತ್ತದೆ. ಆದ್ದರಿಂದ "ಡಿಗ್ರಿ", "ಮಿನಿಟ್", "ಪಾಯಿಂಟ್" ಪದಗಳನ್ನು ಬಿಡದೆ, ಒಂದೊಂದೇ ಅಂಕಿ ಬಿಡಿಸಿ, ಎರಡು ಸಲ ಹೇಳಿ. ಕೋಸ್ಟ್ ಗಾರ್ಡಿನಲ್ಲಿ ದೇಶದ ಎಲ್ಲ ಕಡೆಯವರೂ ಇರುತ್ತಾರೆ, ಅಂಕಿಗಳು ಇಂಗ್ಲಿಷಿನಲ್ಲೇ ಇರಲಿ: "ವನ್ ತ್ರೀ ಡಿಗ್ರಿ, ಟೂ ವನ್ ಮಿನಿಟ್ ನಾರ್ತ್". ಜಿಪಿಎಸ್ ಸೆಟ್ಟಿಂಗನ್ನು ಬಂದರಿನಲ್ಲಿದ್ದಾಗಲೇ ಡಿಗ್ರಿ-ಮಿನಿಟ್‌ಗೆ ಬದಲಿಸಿಟ್ಟರೆ ಈ ತಲೆನೋವೇ ಇಲ್ಲ.

ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಕರೆಯಿರಿ. ದಡಕ್ಕೆ ಮುಟ್ಟದಿದ್ದರೂ ಪಕ್ಕದ ಬೋಟಿನವರು ದಾಟಿಸುತ್ತಾರೆ, ಚಾನೆಲ್ 16ರಲ್ಲಿ ಮೀನಿನ ರೇಟು ಮಾತಾಡುತ್ತಿರದಿದ್ದರೆ. ಇಸ್ರೋದ ಡಾಟ್ ಯಂತ್ರವಿದ್ದರೆ ಅದನ್ನೂ ಒತ್ತಿ, ತೆರೆದ ಆಕಾಶದಡಿ ಇಡಿ. ಅದರ ಸಂದೇಶ ಉಪಗ್ರಹದ ಮೂಲಕ ಕೋಸ್ಟ್ ಗಾರ್ಡಿಗೆ ಹೋಗುತ್ತದೆ.

ಕಾಯುವಾಗ ಲಂಗರು ನೆಲ ಹಿಡಿದರೆ ಹಾಕಿ. ಹಿಡಿಯದಷ್ಟು ಆಳವಿದ್ದರೆ ಹಗ್ಗಕ್ಕೆ ಬಲೆಯ ಮೂಟೆ ಕಟ್ಟಿ ಮುಂಭಾಗದಿಂದ ಇಳಿಬಿಡಿ. ಬೋಟು ಅಲೆಗೆ ಮುಖ ಕೊಟ್ಟು ನಿಲ್ಲುತ್ತದೆ, ಕೊಚ್ಚಿಹೋಗುವ ವೇಗವೂ ತಗ್ಗುತ್ತದೆ. ಸರಿದ ಜಾಗವನ್ನು ಅರ್ಧ ಗಂಟೆಗೊಮ್ಮೆ ತಿಳಿಸುತ್ತಿರಿ. ಕೈಪಂಜಿನಂತೆ ಉರಿಯುವ ಕೆಂಪು ಫ್ಲೇರ್ ಸುಮಾರು ಒಂದು ನಿಮಿಷವಷ್ಟೇ ಉರಿಯುತ್ತದೆ. ಹಡಗೋ ವಿಮಾನವೋ ಕಂಡ ಮೇಲೆಯೇ ಹಚ್ಚಿ, ಗಾಳಿ ಹೋಗುವ ಕಡೆಗೆ ಕೈ ಹೊರಚಾಚಿ ಹಿಡಿಯಿರಿ. ಕಿಡಿ ಡೀಸೆಲ್ ಇರುವ ಕಡೆ ಬೀಳಬಾರದು.