ಪಿನ್ ಕೋಡ್ ಹಿಡಿದು ಇಡೀ ಜಿಲ್ಲೆಯ ರಿಸರ್ಚ್ ಪೇಪರ್ ಹುಡುಕಿದ್ದು – ನನ್ನ ಅನುಭವ

ಎರಡು ವರ್ಷದ ಹಿಂದೆ ಕಾಲೇಜಲ್ಲಿ ನ್ಯಾಕ್ (ಕಾಲೇಜಿನ ಗುಣಮಟ್ಟ ನೋಡೋ ಸಂಸ್ಥೆ) ತಯಾರಿ ನಡೀತಿದ್ದಾಗ ಸ್ಟಾಫ್ ರೂಮಲ್ಲಿ ಒಂದು ಮಾತು ಬಂತು, ಲೇಖಕರ ಹೆಸರಿನ ಜೊತೆ ಉತ್ತರ ಕನ್ನಡದ ವಿಳಾಸ ಹಾಕಿ ಇಲ್ಲೀವರೆಗೆ ಒಟ್ಟು ಎಷ್ಟು ಪೇಪರ್ ಪಬ್ಲಿಶ್ ಆಗಿರಬಹುದು ಅಂತ. ಎಲ್ಲರೂ ಇನ್ನೂರು, ಜಾಸ್ತಿ ಅಂದ್ರೆ ಮುನ್ನೂರು ಅಂದ್ರು. ನಾನು ಸಾವಿರದ ಮೇಲೆ ಇರ್ತದೆ ಅಂದೆ. ಪ್ರಿನ್ಸಿಪಾಲ್ರು ನಕ್ಕು, "ಲೈಬ್ರರಿಯನ್ರೇ, ನಮ್ಮ ಕಡೆ ಮೀನು ಸಿಗ್ತದೆ, ಅಡಿಕೆ ಸಿಗ್ತದೆ, ಅಷ್ಟು ಪೇಪರ್ ಎಲ್ಲಿಂದ ತರ್ತೀರಿ" ಅಂದ್ರು. ಈಗ ನನ್ನ ಎಕ್ಸೆಲ್ ಶೀಟಲ್ಲಿ ಡೂಪ್ಲಿಕೇಟ್ ಎಲ್ಲಾ ತೆಗೆದ ಮೇಲೆ ಸಾವಿರದ ನಾನೂರರ ಹತ್ತಿರ ಸಾಲು ಇದೆ. ಪ್ರಿಂಟ್ ತೆಗೆದು ಸ್ಪೈರಲ್ ಬೈಂಡ್ ಮಾಡ್ಸಿ ಅವ್ರ ಟೇಬಲ್ ಮೇಲೇ ಇಟ್ಟು ಬಂದೆ.

ಹುಡುಕಿದ್ದು ವೆಬ್ ಆಫ್ ಸೈನ್ಸ್, ಸ್ಕೋಪಸಲ್ಲಿ, ಎರಡೂ ಚಂದಾ ಕೊಟ್ಟು ನೋಡೋ ರಿಸರ್ಚ್ ಪೇಪರಿನ ದೊಡ್ಡ ಡೇಟಾಬೇಸ್. ಎಲ್ಲರೂ ಮೊದಲು ಮಾಡೋ ತಪ್ಪು ನಾನೂ ಮಾಡ್ದೆ, ಸಂಸ್ಥೆ ಹೆಸರು ಆರಿಸಿ ಹುಡುಕಿದೆ. ನಮ್ಮ ಜಿಲ್ಲೆಯಲ್ಲಿ ಅದು ನಡಿಯೋದೇ ಇಲ್ಲ, ಯಾಕೆ ಅಂದ್ರೆ ಇಲ್ಲಿರೋ ದೊಡ್ಡ ಸಂಸ್ಥೆ ಎಲ್ಲದರ ಹೆಡ್ಡಾಫೀಸ್ ಹೊರಗಡೆ. ಕಾರವಾರ ಕೋಡಿಬಾಗದ ಮರೈನ್ ಬಯಾಲಜಿ ವಿಭಾಗ ಅಂದ್ರೆ ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡದ ಲೆಕ್ಕಕ್ಕೆ ಹೋಗ್ತದೆ. ಶಿರಸಿ ಫಾರೆಸ್ಟ್ರಿ ಕಾಲೇಜು ಕೃಷಿ ವಿಶ್ವವಿದ್ಯಾಲಯದ್ದು, ಅದೂ ಧಾರವಾಡ. ಕಾರವಾರದ ಸಿಎಂಎಫ್‌ಆರ್‌ಐ (ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರ ಕೊಚ್ಚಿಗೆ, ಕೈಗಾ ಅಣು ವಿದ್ಯುತ್ ಸ್ಥಾವರದವರ ಪೇಪರ್ ಮುಂಬೈಗೆ. ಹೀಗೆ ಒಂದೊಂದೇ ಎಲ್ಲಾ ಹೆಡ್ಡಾಫೀಸಿನ ಹೊಟ್ಟೆಗೆ ಹೋದ ಮೇಲೆ ನಮಗೆ ಉಳ್ಯೋದು ಎಂತ? ಸಂಸ್ಥೆ ಹೆಸರಲ್ಲಿ ಹುಡುಕಿದ್ರೆ ಒಂದೋ ಹತ್ತು ಸಾವಿರ ಬರ್ತದೆ ಇಲ್ಲಾ ಹತ್ತು ಬರ್ತದೆ.

ಆಮೇಲೆ ಊರ ಹೆಸರು ಹಾಕಿ ನೋಡ್ದೆ. ಕಾರವಾರವನ್ನ ಇಂಗ್ಲಿಷಲ್ಲಿ ಡಬ್ಲ್ಯು ಹಾಕಿ ಬರ್ದವರಿದ್ದಾರೆ, ವಿ ಹಾಕಿ ಬರ್ದವರಿದ್ದಾರೆ, ನಡುವೆ ಇನ್ನೊಂದು ಎ ತುರುಕಿದವರೂ ಇದ್ದಾರೆ. ಹೊನ್ನಾವರಕ್ಕೆ ಒಂದು ಎನ್, ಎರಡು ಎನ್, ಕೊನೆಗೆ ಎ ಇದ್ದದ್ದು, ಇಲ್ಲದ್ದು. ಕುಮಟಾ, ಯಲ್ಲಾಪುರದ್ದೂ ಅದೇ ಕಥೆ. ಸಿದ್ದಾಪುರ ಹಾಕಿದ್ರೆ ಕೊಡಗಿನ ಸಿದ್ದಾಪುರ ಬಂತು, ಗೋಕರ್ಣ ಹಾಕಿದ್ರೆ ನೇಪಾಳದ ಗೋಕರ್ಣ ಬಂತು. ಶಿರಸಿ ಅಂತ ಎಲ್ಲಾ ಫೀಲ್ಡಲ್ಲಿ ಹುಡುಕಿದ್ರೆ ಲೈಬ್ರರಿ ಸಾಫ್ಟ್‌ವೇರ್ ಸಿರ್ಸಿಡೈನಿಕ್ಸ್ ಬಗ್ಗೆ ಬರೆದ ಲೇಖನ ರಾಶಿ ರಾಶಿ. ನಮ್ಮ ಫೀಲ್ಡಿನವರಿಗೆ ಆ ಹೆಸರು ಗೊತ್ತೇ ಇರ್ತದೆ, ಆದ್ರೂ ಅದರಿಂದ ನಂದು ಒಂದು ಇಡೀ ಮಧ್ಯಾಹ್ನ ಹೋಯ್ತು.

ಪಿನ್ ಕೋಡ್ ಹೊಳೆದದ್ದು ಒಂದಿನ ಪೋಸ್ಟಾಫೀಸಲ್ಲಿ ಸ್ಪೀಡ್ ಪೋಸ್ಟ್ ಕ್ಯೂನಲ್ಲಿ ನಿಂತಾಗ. ಕಾರವಾರ 581301, ಕೋಡಿಬಾಗ 581303, ಕೈಗಾ 581400, ಶಿರಸಿ 581401, ಕುಮಟಾ 581343, ಹೊನ್ನಾವರ 581334. ಸ್ಪೆಲ್ಲಿಂಗ್ ಹೇಗಾದ್ರೂ ಬರೀಲಿ, ನಂಬರ್ ಯಾರೂ ಬೇರೆ ಬೇರೆ ಥರ ಬರಿಯೋದಿಲ್ವಲ್ಲ. ಮುಂದಿನ ಸಲ ಡೇಟಾಬೇಸ್ ಎದುರು ಕೂತವನೇ 581 ಹಾಕಿ ಮುಂದೆ ಸ್ಟಾರ್ (ಮುಂದೆ ಏನಿದ್ರೂ ಬರ್ಲಿ ಅಂತ) ಹಾಕ್ದೆ, ಹತ್ತಾರು ಸಾವಿರ ರಿಸಲ್ಟು! ಖುಷಿಯಲ್ಲಿ ಓಪನ್ ಮಾಡಿ ನೋಡಿದ್ರೆ ಎಲ್ಲಾ ಸ್ವೀಡನ್ನು. ಲಿಂಕೋಪಿಂಗ್ ಅಂತ ಒಂದು ದೊಡ್ಡ ಯೂನಿವರ್ಸಿಟಿ ಇದೆ, ಅದರ ಪಿನ್ 581 83. ಅವ್ರದ್ದು ಐದು ಅಂಕೆ, ನಮ್ಮದು ಆರು, ಹಾಗಾಗಿ ಸ್ಟಾರ್ ಬಿಟ್ಟು 5813 ಆದ ಮೇಲೆ ಎರಡು ಪ್ರಶ್ನೆ ಚಿಹ್ನೆ, 5814 ಆದ ಮೇಲೆ ಎರಡು ಪ್ರಶ್ನೆ ಚಿಹ್ನೆ ಹಾಕ್ದೆ. ಒಂದು ಪ್ರಶ್ನೆ ಚಿಹ್ನೆ ಅಂದ್ರೆ ಸರಿಯಾಗಿ ಒಂದೇ ಅಕ್ಷರ. ಸ್ವೀಡನ್ ಪೂರ್ತಿ ಹೋಯ್ತು, ನಮ್ಮ ಜಿಲ್ಲೆ ಉಳೀತು. ಆವತ್ತು ಮನೆ ಮುಟ್ಟುವಾಗ ರಾತ್ರಿ ಹನ್ನೊಂದೂವರೆ ಆಗಿತ್ತು, ಮನೆಯವಳನ್ನ ಎಬ್ಬಿಸಿ ಹೇಳ್ದೆ.

ಒಂದು ಮಾತ್ರ ಮರೀಬೇಡಿ, ಎಷ್ಟೋ ಜನ 581 ಆದ್ಮೇಲೆ ಜಾಗ ಬಿಟ್ಟು 301 ಬರೀತಾರೆ, ಆಗ ಡೇಟಾಬೇಸ್ ಅದನ್ನ ಎರಡು ಶಬ್ದ ಅಂತ ತಿಳ್ಕೊಳ್ತದೆ. ಅದಕ್ಕೆ ಕೋಟ್ ಮಾರ್ಕ್ ಒಳಗೆ ಹಾಕಿ ಊರು ಊರಿಂದು ಬೇರೆ ಬೇರೆ ಹುಡುಕಬೇಕು. ನನಗೆ ನೂರೈವತ್ತು ಪೇಪರ್ ಸಿಕ್ಕಿದ್ದು ಬರೀ ಈ ಖಾಲಿ ಜಾಗದಿಂದ.

ನಂಗೆ ಅತಿ ಹೆಮ್ಮೆ ಇರೋದು ಯುಕೆ ಹಿಡಿದದ್ದಕ್ಕೆ. ನಾವೆಲ್ಲ ವಿಳಾಸದಲ್ಲಿ ಜಿಲ್ಲೆ ಹೆಸರು ಉದ್ದ ಆಗ್ತದೆ ಅಂತ ಯು.ಕೆ. ಅಂತ ಬರೀತೇವೆ, ಶಿರಸಿ ಬ್ರಾಕೆಟಲ್ಲಿ ಯುಕೆ, ಚಿಕ್ಕಂದಿನಿಂದ ರೂಢಿ. ಒಂದು ಡೇಟಾಬೇಸ್ (ಹೆಸರು ಬೇಡ) ಅದನ್ನ ಯುನೈಟೆಡ್ ಕಿಂಗ್‌ಡಮ್ ಅಂತ ಮಾಡಿಟ್ಟಿತ್ತು! ದೇಶ ಇಂಡಿಯಾ ಅಂತ ಫಿಲ್ಟರ್ ಹಾಕಿದ ಕೂಡಲೇ ನಮ್ಮ ಕಾಳಿ ನದಿ ಅಳಿವೆಯ ಪೇಪರ್ ಲಿಸ್ಟಿಂದ ಮಾಯ. ಇಂಗ್ಲೆಂಡಿನ ಲೆಕ್ಕದಲ್ಲಿ ಕೂತಿದ್ದ ಇಂಥವು ಇಪ್ಪತ್ತೈದು ಮೂವತ್ತು ಸಿಕ್ಕಿದ್ವು. ಅದಕ್ಕೇ ಹೇಳೋದು, ದೇಶದ ಫಿಲ್ಟರ್ ಹಾಕ್ಲೇಬೇಡಿ.

ದುಡ್ಡಿನ ವಿಷಯ. ನಮ್ಮ ಕಾಲೇಜಿಗೆ ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಕೊಡೋ ಯೋಜನೆ) ಮಾತ್ರ ಇದ್ದದ್ದು, ಆಗ ವರ್ಷಕ್ಕೆ ಐದಾರು ಸಾವಿರ, ಅದರಲ್ಲಿ ಈ ಕೆಲಸ ಆಗೋದಿಲ್ಲ. ಲಿಸ್ಟ್ ಮಾಡಿ ಕೊಡ್ತೇನೆ ಅಂತ ಒಬ್ಬರು ನಲವತ್ತು ಸಾವಿರ ಕೇಳಿದ್ರು. ನಾನು ಈ ಡೇಟಾಬೇಸ್ ಇರೋ ಘಟ್ಟದ ಮೇಲಿನ ಒಂದು ದೊಡ್ಡ ಲೈಬ್ರರಿಲಿ ಪರಿಚಯದವರನ್ನ ಹಿಡಿದೆ, ಅರಬೈಲ್ ಘಟ್ಟ ಹತ್ತಿ ಬಸ್ಸಲ್ಲಿ ಏಳೆಂಟು ಸಲ ಹೋದೆ, ಹೋಗಿ ಬರೋದಕ್ಕೆ ಊಟ ಸೇರಿ ಏಳ್ನೂರರ ಹತ್ತಿರ. ಮೊದಲ ಸಲ ಹೋದದ್ದು ಪೂರ್ತಿ ದಂಡ. ಎಕ್ಸ್‌ಪೋರ್ಟ್ ಮಾಡುವಾಗ ಲೇಖಕ, ಶೀರ್ಷಿಕೆ, ಪತ್ರಿಕೆ ಅನ್ನೋದೇ ಟಿಕ್ ಆಗಿತ್ತು, ನಾ ನೋಡ್ಲಿಲ್ಲ, ಪೆನ್ ಡ್ರೈವ್ ಹಾಕಿ ತಗೊಂಡು ಬಂದೆ. ಮನೇಲಿ ತೆಗೆದು ನೋಡಿದ್ರೆ ವಿಳಾಸದ ಕಾಲಮ್ಮೇ ಇಲ್ಲ! ವಿಳಾಸಕ್ಕೋಸ್ಕರ ಹೋಗಿ ವಿಳಾಸ ಬಿಟ್ಟು ಬಂದದ್ದು. ಫುಲ್ ರೆಕಾರ್ಡ್ ಆರಿಸಬೇಕು, ಮಾರಾಯ್ರೆ, ಫುಲ್ ರೆಕಾರ್ಡ್. ಆ ರಾತ್ರಿ ಊಟ ಸೇರ್ಲಿಲ್ಲ. ಎಲ್ಲಾ ಸೇರಿ ನನ್ನ ಕೈಯಿಂದ ಖರ್ಚಾದದ್ದು ಏಳು ಸಾವಿರ ಚಿಲ್ಲರೆ, ಬೈಂಡಿಂಗ್ ಬೇರೆ.

ಹುಡುಕೋದರಲ್ಲಿ ಇನ್ನೊಂದು ಸೂಕ್ಷ್ಮ. ಮರೈನ್ ಮತ್ತು ಕಾರವಾರ ಎರಡೂ ಬೇಕು ಅಂತ ಬರೀ ಆಂಡ್ ಹಾಕಿದ್ರೆ ಒಬ್ಬ ಲೇಖಕ ಗೋವಾದ ಮರೈನ್ ಲ್ಯಾಬಿನವ, ಇನ್ನೊಬ್ಬ ಕಾರವಾರದ ಆಸ್ಪತ್ರೆಯವ ಆದ್ರೂ ಬರ್ತದೆ. ವೆಬ್ ಆಫ್ ಸೈನ್ಸಲ್ಲಿ ಆಂಡ್ ಬದಲು ಸೇಮ್ ಹಾಕಿ, ಎರಡೂ ಒಂದೇ ವಿಳಾಸದ ಸಾಲಲ್ಲಿ ಇರಬೇಕು ಅಂತ ಅರ್ಥ. ಸ್ಕೋಪಸಲ್ಲಿ ಎರಡು ಶಬ್ದವನ್ನೂ ವಿಳಾಸ ಹುಡುಕೋ ಕೋಡ್ ಆದ ಅಫಿಲ್‌ನ ಒಂದೇ ಬ್ರಾಕೆಟ್ ಒಳಗೆ ಹಾಕಿ, ಬೇರೆ ಬೇರೆ ಬ್ರಾಕೆಟ್ ಮಾಡಿದ್ರೆ ಕೆಟ್ಟಿತು. ಕರ್ನಾಟಕ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಲ್ಲಿ ಕೊನೆಯ ಎ ಇಲ್ಲ, ಆದ್ರೆ ಅರ್ಧ ಜನ ಎ ಸೇರ್ಸಿ ಬರೀತಾರೆ, ಅದಕ್ಕೆ ವೆಬ್ ಆಫ್ ಸೈನ್ಸಲ್ಲಿ ಡಾಲರ್ ಚಿಹ್ನೆ, ಒಂದಕ್ಷರ ಇದ್ರೂ ಅಡ್ಡಿಲ್ಲ ಇಲ್ದಿದ್ರೂ ಅಡ್ಡಿಲ್ಲ ಅಂತ. ವೈದ್ಯಕೀಯ ಪೇಪರಿನ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ 2014ರ ಮೊದಲಿನದಕ್ಕೆ ಮೊದಲ ಲೇಖಕರ ವಿಳಾಸ ಮಾತ್ರ ಇರ್ತದೆ, ನಮ್ಮವರು ಎರಡನೇ ಹೆಸರಾಗಿದ್ರೆ ಸಿಗೋದಿಲ್ಲ, ಅಲ್ಲಿ ತಲೆ ಕೆಡಿಸ್ಕೊಳ್ಬೇಡಿ.

ಹಳೇದರಲ್ಲಿ ಪಿನ್ ಕೈ ಕೊಡ್ತದೆ, ಪಿನ್ ಕೋಡ್ ಬಂದದ್ದೇ 1972ರಲ್ಲಿ. ಅದಕ್ಕಿಂತ ಹಿಂದಿನ ವಿಳಾಸದಲ್ಲಿ ಅದೇ ಕಾರವಾರ 1956ರವರೆಗೆ ಬಾಂಬೆ, ಆಮೇಲೆ 1973ರವರೆಗೆ ಮೈಸೂರು, ಜಿಲ್ಲೆ ಹೆಸರು ನಾರ್ತ್ ಕೆನರಾ, ಅದರಲ್ಲೂ ಕೆ ಹಾಕಿದ್ದು, ಸಿ ಹಾಕಿದ್ದು. ಬಂಗಡೆ ಮೀನಿನ ಹಳೇ ಪೇಪರ್ ಎಲ್ಲಾ ಸಿಎಂಎಫ್‌ಆರ್‌ಐ ಇಪ್ರಿಂಟ್ಸ್ ಅನ್ನೋ ವೆಬ್ ಸಂಗ್ರಹದಲ್ಲಿ ಪುಕ್ಕಟೆ ಇದೆ, ಅಲ್ಲಿ ಕೂತು ಕೈಯಲ್ಲೇ ಹೆಕ್ಕಿದೆ. ಹೊನ್ನಾವರದ ಒಬ್ಬರು ರಿಟೈರ್ಡ್ ಲೆಕ್ಚರರ್ ತಮ್ಮದೇ ಒಂದು ಹಳೇ ಪೇಪರ್ ಮರೆತೇ ಬಿಟ್ಟಿದ್ರು, ಪ್ರಿಂಟ್ ಒಯ್ದು ಕೊಟ್ಟೆ, ಕನ್ನಡಕ ಹುಡುಕಿ ಹಾಕ್ಕೊಂಡು ಮೊದಲು ನೋಡಿದ್ದು ಕೆಳಗಿನ ವಿಳಾಸದ ಸಾಲನ್ನ, ಓದಿ "ಆಗ ಲ್ಯಾಬಿಗೆ ಕರೆಂಟೇ ಇರ್ಲಿಲ್ಲ ತಮ್ಮಾ" ಅಂದ್ರು.

ನಡುವೆ ಇನ್ನೊಂದು ಪ್ರಯೋಗ ಮಾಡ್ದೆ, ನಮ್ಮಿಂದ ಬಂದ ಪೇಪರ್ ಒಂದು ಕಡೆ, ನಮ್ಮ ಬಗ್ಗೆ ಬಂದ ಪೇಪರ್ ಇನ್ನೊಂದು ಕಡೆ. ಅಪ್ಪೆಮಿಡಿ, ಅಘನಾಶಿನಿ ಅಂತ ವಿಷಯದಲ್ಲಿ ಹುಡುಕಿ ಲೇಖಕರ ವಿಳಾಸ ನೋಡಿದ್ರೆ ನಾ ತೆಗೆದದ್ದರಲ್ಲಿ ಮುಕ್ಕಾಲು ಪಾಲು ಹೊರಗಿನವೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 560012 ಅಂತೂ ಎಷ್ಟು ಸಲ ಬಂತೋ. 2024ರಲ್ಲಿ ಅಘನಾಶಿನಿಗೆ ರಾಮ್ಸಾರ್ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಪಟ್ಟ ಸಿಕ್ಕಿತು, ಅದರ ದಂಡೆ ಮೇಲಿರೋ ನಮ್ಮ ಕಾಲೇಜುಗಳ ವಿಳಾಸ ಅದರ ಪೇಪರಲ್ಲಿ ಇಷ್ಟು ಕಮ್ಮಿ ಇರೋದು ನಂಗೆ ನಿಜವಾಗ್ಲೂ ನೋವಾಯ್ತು. ಹುಡುಗರಿಗೆ ಇದನ್ನ ತೋರ್ಸಿದ್ದೇನೆ.

ಚಂದಾ ಇಲ್ಲದವರು ಪುಕ್ಕಟೆ ಡೇಟಾಬೇಸ್ ಆದ ಓಪನ್‌ಅಲೆಕ್ಸಲ್ಲಿ ಮಾಡಿ. ಅದರಲ್ಲಿ ಲೇಖಕರು ಬರೆದ ವಿಳಾಸ ಹಾಗೆ ಹಾಗೇ ಇಟ್ಟಿರ್ತಾರೆ, ಆ ಕಚ್ಚಾ ವಿಳಾಸದಲ್ಲೇ ಪಿನ್ ಹುಡುಕಬಹುದು, ನನ್ನ ಲಿಸ್ಟಿನ ಕಾಲು ಭಾಗ ಅಲ್ಲಿಂದಲೇ ಬಂತು. ಡೂಪ್ಲಿಕೇಟ್ ತೆಗಿಯೋಕೆ ನಾ ಮಾಡ್ಕೊಂಡ ಫಾರ್ಮುಲಾ ಮತ್ತೆ ಊರಿನ ಸ್ಪೆಲ್ಲಿಂಗ್ ಪಟ್ಟಿ ಪೂರ್ತಿ ಇಲ್ಲಿ ಹಾಕಲ್ಲ, ಎರಡು ಮಳೆಗಾಲ ಕೂತು ಮಾಡಿದ್ದು ಅದು, ಬೇಕಾದವರು ಲೈಬ್ರರಿಗೆ ಬನ್ನಿ, ಚಾ ಕುಡೀತಾ ತೋರಿಸ್ತೇನೆ. ಮೊನ್ನೆ ಉಡುಪಿ ಕಡೆಯ ಒಬ್ಬರು ಕೇಳಿದ್ರು, ಅವರಿಗೆ ಹೇಳಿದ್ದು ಇಷ್ಟೇ: ನೀವು 5761, 5762 ಇಂದ ಶುರು ಮಾಡಿ, ಆದ್ರೆ ಮಣಿಪಾಲದ 576104 ಮೊದಲೇ ಬೇರೆ ತೆಗೆದಿಡಿ, ಇಲ್ದಿದ್ರೆ ಆ ರಾಶಿ ಅಡಿಗೆ ಕುಂದಾಪುರದ ಒಂದು ಪೇಪರೂ ಕಣ್ಣಿಗೆ ಬೀಳೋದಿಲ್ಲ.