ಪಿಯಾನೊ ತೆಗೆದ ಮೇಲೆ ಮಾಂಬೊ ಕೂಡಿಬಂತು

ಮಾಂಬೊ ಅನ್ನುವ ಕ್ಯೂಬಾದ ಕುಣಿತದ ಸಂಗೀತವನ್ನು ಹೆಸರುವಾಸಿ ಮಾಡಿದ ಬ್ಯಾಂಡ್ ನಾಯಕ ಪೆರೆಸ್ ಪ್ರಾದೊ ಮೆಕ್ಸಿಕೊ ಸಿಟಿಯ ವಾದಕರಿಗೆ ತಮ್ಮೂರಿನವನೇ. ಹುಟ್ಟಿದ್ದು ಕ್ಯೂಬಾದ ಮತಾನ್ಸಾಸ್‌ನಲ್ಲಿ, ಪಿಯಾನೊ ನುಡಿಸಿ ಪಳಗಿದ್ದು ಹವಾನಾದಲ್ಲಿ. ಹೆಸರು, ದುಡ್ಡು ಬಂದದ್ದು ಮಾತ್ರ ಇಲ್ಲಿ, 1949ರ ಸುಮಾರಿಗೆ. ಮೈಸೂರಿನ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದ ನಾನು ಇಲ್ಲಿ ಬ್ಯಾಂಡ್ ಕಟ್ಟಿ, ಅವನ ಮಾಂಬೊಗೆ ಎಂಟೇ ಜನ ಸಾಕು, ಪಿಯಾನೊ ಬೇಡ ಅಂದರೆ ನಗದೆ ಇರುತ್ತಾರೆಯೇ?

ನನ್ನದು ದುಡ್ಡಿನ ಲೆಕ್ಕ. ಡ್ಯಾನ್ಸ್ ಹಾಲ್‌ನವರು ರಾತ್ರಿಗೆ ಹೆಚ್ಚೆಂದರೆ 12 ಸಾವಿರ ಪೆಸೊ ಬಿಚ್ಚುತ್ತಾರೆ. ಹದಿನಾಲ್ಕು ಹದಿನೈದು ಜನರನ್ನು ಕೂರಿಸಿದರೆ ತಲೆಗೆ 800. ಒಳ್ಳೆ ಟ್ರಂಪೆಟ್‌ನವನು 1,300ಕ್ಕೆ ಕಡಿಮೆ ಹೊರಡೋದಿಲ್ಲ. ವ್ಯಾನ್ ಬಾಡಿಗೆ ಬೇರೆ.

ಮೊದಲು ಕೀಬೋರ್ಡ್ ಇಟ್ಟುಕೊಂಡೇ ಜನ ಇಳಿಸಿ ನೋಡಿದೆ. ಹೋಟೆಲ್ ಲಾಬಿಯ ಸಂಗೀತದ ಹಾಗಿತ್ತು. ಒಂದು ಹಾಲ್‌ನವರು ಅರ್ಧ ದುಡ್ಡು ಕೈಗಿಟ್ಟು ಕಳಿಸಿದರು. ಪ್ರಾದೊನ 'ಕೆ ರೀಕೊ ಎಲ್ ಮಾಂಬೊ' ಹಾಡನ್ನು ಹಾಕಿಕೊಂಡು ಕೂತೆ. ಟ್ರಂಪೆಟ್‌ಗಳು ತಾರದಲ್ಲಿ ಕಿರುಚುತ್ತವೆ, ಸ್ಯಾಕ್ಸ್‌ಗಳು ಕೆಳಗೆ ಒಂದೇ ಸಾಲನ್ನು ಮತ್ತೆ ಮತ್ತೆ ಹಿಡಿಯುತ್ತವೆ, ನಡುವೆ ಹೆಚ್ಚುಕಡಿಮೆ ಖಾಲಿ. ಆ ಖಾಲಿಗೇ ನಮ್ಮ ಕೀಬೋರ್ಡ್ ಹುಳಿ ಹಿಂಡುತ್ತಿತ್ತು! 1953ರಲ್ಲಿ ಪ್ರಾದೊನನ್ನು ಮೆಕ್ಸಿಕೊದಿಂದ ಹೊರಗೆ ಹಾಕಿದರಲ್ಲ, ಅಮೆರಿಕದಲ್ಲಿ ಅಲ್ಲಿನವರನ್ನು ಹಿಡಿದು ನುಡಿಸಿದರೂ ಸದ್ದು ಅವನದೇ. ಅವನ ಕಸುಬೆಲ್ಲ ಸ್ವರ ಬರೆದುಕೊಟ್ಟ ಹಾಳೆಯಲ್ಲಿತ್ತು.

ಕೀಬೋರ್ಡ್ ತೆಗೆದೆ. ಉಳಿದದ್ದು ಮೂರು ಟ್ರಂಪೆಟ್, ಟೆನರ್ ಮತ್ತು ಬ್ಯಾರಿಟೋನ್ ಸ್ಯಾಕ್ಸ್, ಬಾಸ್, ಕೈಯಲ್ಲಿ ಬಾರಿಸುವ ಕಾಂಗಾ, ಕೋಲಲ್ಲಿ ಬಾರಿಸುವ ಟಿಂಬಾಲೆ. ಸದ್ದು ಬಂತು, ಆದರೆ ಮೂರನೇ ಹಾಡಿಗೇ ಟ್ರಂಪೆಟ್‌ನವರ ತುಟಿ ಸೋತಿತು. ಆಮೇಲೆ ಮೇಲಿನ ಸ್ವರಗಳನ್ನು ಮೂವರಿಗೂ ಸರದಿಯ ಮೇಲೆ ಹಂಚಿದೆ. ಎಲ್ಲಿ ಯಾರು ಬಿಟ್ಟು ಯಾರು ಹಿಡಿಯಬೇಕು ಅನ್ನುವ ಪಟ್ಟಿ ನನ್ನ ಜೇಬಿನಲ್ಲಿದೆ, ಅಲ್ಲೇ ಇರಲಿ.

ಕಾಂಗಾ ಹುಡುಗ ಕ್ಲಾವೆಯಲ್ಲಿ, ಅಂದರೆ ಮೂರೇಟು, ಎರಡೇಟು ಅಂತ ಎರಡು ಅರ್ಧವಿರುವ ತಾಳದಲ್ಲಿ, ಜಾರುತ್ತಿದ್ದ. ಮೂರೇಟಿನ ಅರ್ಧಕ್ಕೆ 'ತಕಿಟ ತಕಿಟ ತಕ' ಹೇಳಿಕೊಟ್ಟೆ. ಈಗ ಬೇರೆ ಬ್ಯಾಂಡಿನಲ್ಲೂ ಅದನ್ನೇ ಗೊಣಗುತ್ತಾನಂತೆ.

ಪ್ರಾದೊ ನುಡಿಸಿದ 'ಚೆರ್ರಿ ಪಿಂಕ್'ಗೆ ಕೈ ಹಾಕಬೇಡ ಅಂದಿದ್ದರು. 1955ರಲ್ಲಿ ಅಮೆರಿಕದಲ್ಲಿ 10 ವಾರ ಮೊದಲ ಸ್ಥಾನದಲ್ಲಿದ್ದದ್ದು; ಬಿಲ್ಲಿ ರೀಜಿಸ್ ಟ್ರಂಪೆಟ್‌ನಲ್ಲಿ ಎಳೆಯುವ ಆ ಜಾರು ಎಲ್ಲರ ಕಿವಿಯಲ್ಲಿದೆ. ನಮ್ಮವನು ವಾಲ್ವನ್ನು ಅರ್ಧ ಒತ್ತಿ ಅದನ್ನು ತರುತ್ತಾನೆ. ಉಸಿರಿನದು ಇನ್ನೊಂದು ಉಪಾಯವಿದೆ, ಅದನ್ನು ಅವನನ್ನೇ ಕೇಳಿ. ಆ ಹಾಡು ಶುರುವಾದರೆ ಕುರ್ಚಿಯಲ್ಲಿ ಒಬ್ಬರೂ ಉಳಿಯೋದಿಲ್ಲ.

ಪ್ರಾದೊನ 1958ರ ಹಾಡು 'ಪತ್ರಿಸಿಯಾ'ದ ಆರ್ಗನ್ ಭಾಗವನ್ನು ಟೆನರ್‌ನಲ್ಲಿ ಊದಿ ನೋಡಿದೆ, ಬೇಳೆ ಬೇಯಲಿಲ್ಲ. ಯಾರಾದರೂ ಕೇಳಿದರೆ ಆ ಒಂದಕ್ಕೆ ಮಾತ್ರ ಕೀಬೋರ್ಡ್‌ನವನನ್ನು ಕರೆಸುತ್ತೇನೆ, 500 ಪೆಸೊ ಹೆಚ್ಚಿಗೆ ವಸೂಲು ಮಾಡಿ.